ಮಾಟುಂಗಾದ ಗ್ಯಾಸು, ಪುರದ ನಲ್ಲಿ

ಮಾಟುಂಗಾ ಎಂದರೆ ಮುಂಬಯಿ ಕನ್ನಡಿಗರಿಗೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಅಸೋಸಿಯೇಶನ್ನಿನ ನಾಟಕ, ರಾಮ ನಾಯಕರ ಬೋರ್ಡಿಂಗಿನ ಬಾಳೆ ಎಲೆ ಊಟ, ಮಾರ್ಕೆಟ್ಟಿನಲ್ಲಿ ಸಿಗುವ ಮಂಗಳೂರು ಸೌತೆ, ಕೆಸುವಿನೆಲೆ. ಊರು ಬಿಟ್ಟು ಬಂದ ಹೊಸತರಲ್ಲಿ ಭಾನುವಾರ ಲೋಕಲ್ ಹತ್ತಿ ಇಲ್ಲಿಗೆ ಬಂದು, ಕಿವಿತುಂಬ ಕನ್ನಡ ಕೇಳಿಸಿಕೊಂಡು ಹೋದವರು ನಮ್ಮಲ್ಲಿ ಎಷ್ಟು ಜನವೋ. ಆದರೆ ಇದೇ ಮಾಟುಂಗಾದ ಹೆಸರು, ಇಡ್ಲಿ ಸಾಂಬಾರಿಗೆ ಏನೇನೂ ಸಂಬಂಧವಿಲ್ಲದ ಇನ್ನೊಂದು ಕಾರಣಕ್ಕೆ ಪರದೇಶದ ಪುಸ್ತಕಗಳಲ್ಲೂ ಬರುತ್ತದೆ ಎಂದು ನನಗೆ ತಿಳಿದದ್ದು ಇಲ್ಲಿಗೆ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ. ಗೋಬರ್ ಗ್ಯಾಸಿನ ಇತಿಹಾಸ ಬರೆದವರಲ್ಲಿ ಹೆಚ್ಚಿನವರು ಮೊದಲ ಪುಟದಲ್ಲೋ ಎರಡನೆಯದರಲ್ಲೋ ಮಾಟುಂಗಾಕ್ಕೆ ಬಂದೇ ಬರುತ್ತಾರೆ.

ಮೊದಲೇ ಒಂದು ತಪ್ಪು ತಿದ್ದಿಬಿಡುತ್ತೇನೆ. "ಪ್ರಪಂಚದ ಮೊದಲ ಗೋಬರ್ ಗ್ಯಾಸ್ ಸ್ಥಾವರ 1859ರಲ್ಲಿ ಬೊಂಬಾಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಶುರುವಾಯಿತು" ಎಂಬ ವಾಕ್ಯ ನೂರಾರು ಕಡೆ ಇದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು, ಅವರಿಂದ ಮತ್ತೊಬ್ಬರು ಎತ್ತಿಕೊಂಡು, ಈಗ ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ ಆಗಿದೆ. ಆದರೆ ಆ ಆಶ್ರಮ ತೆರೆದದ್ದೇ 1890ರಲ್ಲಿ! ಹುಟ್ಟುವುದಕ್ಕಿಂತ ಮೂವತ್ತೊಂದು ವರ್ಷ ಮೊದಲೇ ಅದು ಗ್ಯಾಸು ಕೊಡಲಿಕ್ಕೆ ಹೇಗೆ ಸಾಧ್ಯ? ಇನ್ನೊಂದು, ಅಲ್ಲಿ ಗ್ಯಾಸು ಬಂದದ್ದು ಗೋವಿನ ಸಗಣಿಯಿಂದಲೂ ಅಲ್ಲ.

ಆಶ್ರಮ ಕಟ್ಟಿಸಿದವನು ಆಗಿನ ಮುನಿಸಿಪಲ್ ಕಮಿಷನರ್ ಆಕ್‌ವರ್ತ್. ಅವನ ಹೆಸರಿನ ಆಸ್ಪತ್ರೆ ವಡಾಲಾದಲ್ಲಿ ಇಂದಿಗೂ ಇದೆ. ಬೊಂಬಾಯಿಯ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳನ್ನು ಕಂಡು ಊರಿನ ದೊಡ್ಡಮನುಷ್ಯರು ಹೆದರಿ, ಪತ್ರಿಕೆಗಳಲ್ಲಿ ಗದ್ದಲವಾಗಿ, ಚಂದಾ ಎತ್ತಿ, ಆಗ ಊರ ಹೊರಗಿದ್ದ ಮಾಟುಂಗಾದಲ್ಲಿ ಅವರಿಗೆ ಜಾಗ ಮಾಡಿದರು. ದಯೆಯೂ ಇತ್ತು, ಕಣ್ಣೆದುರಿನಿಂದ ದೂರ ಮಾಡುವ ಅವಸರವೂ ಇತ್ತು. ಎಷ್ಟು ಪಾಲು ಯಾವುದು ಎಂದು ತೂಗುವುದು ಕಷ್ಟ. ಅಷ್ಟು ಜನ ಒಂದೇ ಕಡೆ ಇದ್ದ ಮೇಲೆ ಅವರ ಮಲಮೂತ್ರದ ಪ್ರಶ್ನೆ ಬಂತು. ಅದನ್ನು ಎತ್ತಲು ಬರುವವರು ಯಾರು? ಹೊಳೆ ಸಮುದ್ರಕ್ಕೆ ಬಿಟ್ಟರೆ ರೋಗ ಹರಡೀತೆಂಬ ಭಯ ಬೇರೆ. ಆಗ ಇಂಗ್ಲೆಂಡಿನ ಎಕ್ಸೆಟರ್ ಊರಿನಲ್ಲಿ ಡೊನಾಲ್ಡ್ ಕ್ಯಾಮರನ್ ಎಂಬಾತ 1895ರ ಸುಮಾರಿಗೆ ಸೆಪ್ಟಿಕ್ ಟ್ಯಾಂಕು ಕಟ್ಟಿ, ಅದರಿಂದ ಏಳುವ ಗ್ಯಾಸಿನಿಂದ ದೀಪ ಉರಿಸಿ ತೋರಿಸಿದ್ದ. ಬೊಂಬಾಯಿ ಮುನಿಸಿಪಾಲಿಟಿಯ ಚರಂಡಿ ಎಂಜಿನಿಯರ್ ಕಾರ್ಕೀಟ್ ಜೇಮ್ಸ್ ಮಾಟುಂಗಾದ ಟ್ಯಾಂಕುಗಳ ಮೇಲೆ ಪ್ರಯೋಗ ನಡೆಸಿದ. 1897ರ ಹೊತ್ತಿಗೆ ಆ ಟ್ಯಾಂಕುಗಳಿಗೆ ಮುಚ್ಚಳ ಹಾಕಿ, ಗ್ಯಾಸು ಹಿಡಿದು, ಎಂಜಿನ್ ನಡೆಸಿದರೆಂದು ಚರಂಡಿ ವಿಜ್ಞಾನದ ಇತಿಹಾಸಗಳು ಹೇಳುತ್ತವೆ.

1897! ಬೊಂಬಾಯಿಯಲ್ಲಿ ಪ್ಲೇಗು ತಾಂಡವವಾಡುತ್ತಿದ್ದ ವರ್ಷ. ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟು ಓಡುತ್ತಿದ್ದಾಗ, ಯಾರೂ ಹತ್ತಿರ ಸೇರಿಸದ ಜನರ ಹೊಲಸಿನಿಂದ ಒಂದು ಎಂಜಿನ್ ಗುಡುಗುಡು ಎನ್ನುತ್ತಿತ್ತು. ಆ ಆಶ್ರಮವಾಸಿಗಳ ಹೆಸರು ಒಂದೂ ಈ ಕಥೆಯಲ್ಲಿ ಬರುವುದಿಲ್ಲ.

ಉರಿಯುವ ಗಾಳಿಯೇನೂ ಹೊಸ ಸಂಗತಿಯಲ್ಲ. 1776ರಲ್ಲೇ ಇಟಲಿಯ ವೋಲ್ಟಾ (ಬ್ಯಾಟರಿಯ ವೋಲ್ಟಾನೇ) ಮಜ್ಜೋರೆ ಸರೋವರದ ಕೆಸರನ್ನು ಕೋಲಿನಿಂದ ಕದಡಿ, ಎದ್ದ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದು ಬೆಂಕಿ ಹಚ್ಚಿದ್ದ. ನಮ್ಮ ಕಡೆ ಕತ್ತಲಲ್ಲಿ ಗದ್ದೆ ಬಯಲಿನಲ್ಲಿ ಕಾಣುವ ಕೊಳ್ಳಿದೆವ್ವಕ್ಕೂ ಇದನ್ನೇ ಕಾರಣ ಹೇಳುವವರಿದ್ದಾರೆ. ಗಾಳಿ ತಾಗದ ಕಡೆ ಸಗಣಿಯೋ ಕೊಳೆತ ಎಲೆಯೋ ಇದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಮೀಥೇನ್ ಬಿಡುತ್ತವೆ. ಒಂದು ಕಿಲೋ ಹಸಿ ಸಗಣಿಗೆ ಮೂವತ್ತೈದರಿಂದ ನಲವತ್ತು ಲೀಟರ್ ಗ್ಯಾಸು ಬರುತ್ತದೆ. ಅದರಲ್ಲಿ ನೂರಕ್ಕೆ ಅರವತ್ತರಷ್ಟು ಮೀಥೇನ್, ಉಳಿದದ್ದು ಹೆಚ್ಚುಪಾಲು ಇಂಗಾಲದ ಡೈ ಆಕ್ಸೈಡು.

ಈ ವಿದ್ಯೆಯ ಸೊಗಸು ಇರುವುದು ಗ್ಯಾಸಿನಲ್ಲಿ ಅಲ್ಲ, ಉಳಿಯುವುದರಲ್ಲಿ. ಬೆರಣಿ ತಟ್ಟಿ ಒಲೆಗೆ ಹಾಕಿದರೆ ಸಗಣಿಯ ಶಕ್ತಿಯಲ್ಲಿ ನೂರಕ್ಕೆ ಹತ್ತು ಹನ್ನೊಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ, ಗಿಡಕ್ಕೆ ಬೇಕಾದ ಸಾರಜನಕ ಹೊಗೆಯಾಗಿ ಹೋಗುತ್ತದೆ. ಅದೇ ಸಗಣಿ ಗುಂಡಿಯಲ್ಲಿ ಕೊಳೆತರೆ ಹೊರಹೋಗುವುದು ಇಂಗಾಲ ಮತ್ತು ಜಲಜನಕ. ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ. ಗ್ಯಾಸಿನ ಒಲೆ ನೂರಕ್ಕೆ ಐವತ್ತೈದು ಅರವತ್ತು ಪಾಲು ಶಾಖವನ್ನು ಪಾತ್ರೆಗೆ ಮುಟ್ಟಿಸುತ್ತದೆ. ಅಡಿಗೆಯೂ ಆಯಿತು, ಗೊಬ್ಬರವೂ ಉಳಿಯಿತು. ಮುಂದಿನ ನೂರು ವರ್ಷ ಸರಕಾರಗಳು, ವಿಜ್ಞಾನಿಗಳು, ಗಾಂಧಿವಾದಿಗಳು ಎಲ್ಲರೂ ಇದರ ಹಿಂದೆ ಬಿದ್ದದ್ದು ಈ ಒಂದೇ ಮಾತಿಗೆ.

ಸಗಣಿಯ ಸರದಿ ಬಂದದ್ದು ದಿಲ್ಲಿಯಲ್ಲಿ. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆ 1934ರ ಭೂಕಂಪದಲ್ಲಿ ಕುಸಿದು, 1936ರಲ್ಲಿ ದಿಲ್ಲಿಗೆ ಬಂತು (ದಿಲ್ಲಿಯವರು ಆ ಜಾಗವನ್ನು ಪೂಸಾ ಎಂದೇ ಕರೆಯುತ್ತಾರಲ್ಲ, ಅದು). ಅಲ್ಲಿ 1939ರಲ್ಲಿ ಎಸ್. ವಿ. ದೇಸಾಯಿ ಸಗಣಿಯ ಮೇಲೆ ಪ್ರಯೋಗ ಆರಂಭಿಸಿದರು. ಪ್ರಯೋಗಾಲಯದ ವಿದ್ಯೆಯನ್ನು ಹಟ್ಟಿಗೆ ತಂದವರು ಜಶಭಾಯಿ ಪಟೇಲರು. ಅವರು 1951ರಲ್ಲಿ ಮಾಡಿದ 'ಗ್ರಾಮಲಕ್ಷ್ಮಿ'ಯನ್ನು ಹೆಸರು ಕೇಳದವರೂ ಕಂಡಿರುತ್ತೀರಿ. ನೆಲದಲ್ಲಿ ಬಾವಿಯಂಥ ಇಟ್ಟಿಗೆ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಗ್ಯಾಸು ತುಂಬಿದ ಹಾಗೆ ಡ್ರಮ್ಮು ಮೇಲೇಳುತ್ತದೆ, ಒಲೆ ಹಚ್ಚಿದ ಹಾಗೆ ಇಳಿಯುತ್ತದೆ. ಮೀಟರು ಬೇಡ, ಏನೂ ಬೇಡ. ಅರವತ್ತರ ದಶಕದ ಆರಂಭದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಇದನ್ನು ಕೈಗೆತ್ತಿಕೊಂಡಿತು. ಅದರ ಕೇಂದ್ರ ಕಚೇರಿ ನಮ್ಮ ವಿಲೆಪಾರ್ಲೆಯಲ್ಲಿ. ಹೀಗೆ ಮಾಟುಂಗಾದಲ್ಲಿ ಹೊತ್ತಿದ ಗ್ಯಾಸು ದಿಲ್ಲಿ ಸುತ್ತಿ ಪಾರ್ಲೆಗೆ ಬಂತು ಅನ್ನಿ.

ನಮ್ಮನೆಯಲ್ಲೂ ಅಂಥದೊಂದು ಡ್ರಮ್ಮು ಇತ್ತು. ಶಿರಸಿ ಕಡೆ ಅಡಿಕೆ ತೋಟ ಇದ್ದವರ ಮನೆಯ ಕೊಟ್ಟಿಗೆಯ ಹಿಂದೆ ಇದು ಸಾಮಾನ್ಯ ದೃಶ್ಯ. ಬೆಳಿಗ್ಗೆ ಎದ್ದು ಸಗಣಿ ಕದಡಿ ತೊಟ್ಟಿಗೆ ಹೊಯ್ಯುವುದು ಮಕ್ಕಳ ಕೆಲಸ. ಎಷ್ಟು ಸಗಣಿಯೋ ಅಷ್ಟೇ ನೀರು, ಹುಲ್ಲು ದರಕು ಆರಿಸಿ ತೆಗೆಯಬೇಕು. ಆಯಿ ಅಡಿಗೆಮನೆಯ ಕಿಟಕಿಯಿಂದ ಇಣುಕಿ ಡ್ರಮ್ಮು ಎಷ್ಟು ಎದ್ದಿದೆ ನೋಡಿ, ಇವತ್ತು ಕಷಾಯ ಎರಡು ಸಲವೋ ಒಂದೇ ಸಲವೋ ಎಂದು ತೀರ್ಮಾನಿಸುತ್ತಿದ್ದಳು. ಮಳೆಗಾಲದಲ್ಲಿ ಡ್ರಮ್ಮು ಮಲಗಿಬಿಡುತ್ತಿತ್ತು. ಸೂಕ್ಷ್ಮಜೀವಿಗಳಿಗೆ ಚಳಿ ಆಗುವುದಿಲ್ಲ, ಮೂವತ್ತೈದು ಡಿಗ್ರಿ ಶಾಖ ಬೇಕು ಎಂಬುದೆಲ್ಲ ನಮಗೇನು ಗೊತ್ತು? ಅಪ್ಪಯ್ಯ ಗುಂಡಿಗೆ ಬಿಸಿನೀರು ಹೊಯ್ಯಿಸುತ್ತಿದ್ದ. ಆ ನೀರು ಕಾಯಿಸಿದ್ದು ಸೌದೆ ಒಲೆಯಲ್ಲಿ! ನಾಲ್ಕೈದು ವರ್ಷಕ್ಕೆ ಡ್ರಮ್ಮಿಗೆ ತುಕ್ಕು ಹಿಡಿದು ತೂತು ಬಿತ್ತು, ವೆಲ್ಡಿಂಗಿನವನು ಬಂದ, ಮತ್ತೆ ತೂತು ಬಿತ್ತು.

ಡ್ರಮ್ಮಿನ ಈ ತುಕ್ಕು ನಮ್ಮನೆಯ ಸಮಸ್ಯೆ ಮಾತ್ರ ಆಗಿರಲಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಕಬ್ಬಿಣದ್ದೇ. ಚೀನಾದವರು ಡ್ರಮ್ಮೇ ಇಲ್ಲದೆ ನೆಲದೊಳಗೆ ಗುಮ್ಮಟ ಕಟ್ಟುತ್ತಿದ್ದರು. ಅದನ್ನು ನೋಡಿ ಉತ್ತರ ಪ್ರದೇಶದಲ್ಲಿ 1978ರಲ್ಲಿ 'ಜನತಾ' ಮಾದರಿ ಬಂತು, 1984ರಲ್ಲಿ ಆಫ್ರೋ ಸಂಸ್ಥೆಯವರ 'ದೀನಬಂಧು' ಬಂತು. ನಂತರ ನಮ್ಮ ಕಡೆ ಕಟ್ಟಿದ್ದರಲ್ಲಿ ಹೆಚ್ಚಿನವು ದೀನಬಂಧುವೇ.

ಇನ್ನು ಕಥೆಯ ಮುಖ್ಯ ಭಾಗಕ್ಕೆ ಬರುತ್ತೇನೆ.

1973ರ ಅಕ್ಟೋಬರ್ ಯುದ್ಧದ ನಂತರ ಅರಬ್ ದೇಶಗಳು ಎಣ್ಣೆಯ ಬೆಲೆಯನ್ನು ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಏರಿಸಿದವು. ಎಣ್ಣೆ ದುಬಾರಿ ಎಂದರೆ ಯೂರಿಯಾ ದುಬಾರಿ, ಯೂರಿಯಾ ಇಲ್ಲ ಎಂದರೆ ಹಸಿರು ಕ್ರಾಂತಿಯ ಗೋಧಿ ಭತ್ತ ಇಲ್ಲ. ಸರಕಾರ ಕಲ್ಲಿದ್ದಲಿನಿಂದ ಯೂರಿಯಾ ಮಾಡುವ ದೊಡ್ಡ ಕಾರ್ಖಾನೆಗಳಿಗೆ ಆಗಲೇ ಕೈಹಾಕಿತ್ತು. ಒರಿಸ್ಸಾದ ತಾಲ್ಚೇರಿನಲ್ಲಿ ಒಂದು, ಆಂಧ್ರದ ರಾಮಗುಂಡಂನಲ್ಲಿ ಒಂದು.

ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಮೂಲ್ಯ ರೆಡ್ಡಿ ಎಂಬ ಪ್ರೊಫೆಸರು ಇದ್ದರು. ಬೆಂಗಳೂರಿನಲ್ಲೇ 1930ರಲ್ಲಿ ಹುಟ್ಟಿದವರು, ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. ಬೋಕ್ರಿಸ್ ಜೊತೆ ಅವರು ಬರೆದ ಪಠ್ಯಪುಸ್ತಕವನ್ನು ಪ್ರಪಂಚದ ಎಲ್ಲೆಡೆ ಓದುತ್ತಿದ್ದರು. ಅಂಥವರು ಒಂದು ದಿನ ತಮ್ಮ ವಿದ್ಯೆ ಯಾರಿಗೆ ಉಪಯೋಗ ಎಂದು ಕೇಳಿಕೊಂಡು, 1974ರಲ್ಲಿ ಅಲ್ಲೇ 'ಅಸ್ತ್ರ' ಎಂಬ ಗುಂಪು ಕಟ್ಟಿದರು. ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು.

ಅವರು ಗೋಬರ್ ಗ್ಯಾಸಿನ ಮೇಲೆ ಮಾಡಿದ ಒಂದು ಲೆಕ್ಕ ಪ್ರಸಿದ್ಧವಾಗಿದೆ. ವರ್ಷಕ್ಕೆ 2,30,000 ಟನ್ ಸಾರಜನಕ ಬೇಕು ಎಂದಿಟ್ಟುಕೊಳ್ಳಿ. ಕಲ್ಲಿದ್ದಲಿನ ದೊಡ್ಡ ಕಾರ್ಖಾನೆ ಒಂದು ಕಟ್ಟಿದರೆ ಖರ್ಚು 120 ಕೋಟಿ ರೂಪಾಯಿ, ಅದರಲ್ಲಿ 60 ಕೋಟಿ ವಿದೇಶಿ ವಿನಿಮಯ. ಕೆಲಸ ಸಾವಿರ ಜನಕ್ಕೆ. ಅದೇ ಸಾರಜನಕವನ್ನು ಹಳ್ಳಿಗೊಂದರಂತೆ 26,150 ಗೋಬರ್ ಗ್ಯಾಸ್ ಸ್ಥಾವರಗಳಿಂದ ಪಡೆದರೆ ಖರ್ಚು 107 ಕೋಟಿ, ವಿದೇಶಿ ವಿನಿಮಯ ಸೊನ್ನೆ, ಕೆಲಸ 1,30,750 ಜನಕ್ಕೆ. ಊರಿಗೆ ಐದು ಜನ ಎಂದಾಯಿತು. ಎಲ್ಲಕ್ಕಿಂತ ಮುಖ್ಯ, ಕಾರ್ಖಾನೆ ವಿದ್ಯುತ್ತು ನುಂಗುತ್ತದೆ. ಹಳ್ಳಿಯ ಸ್ಥಾವರಗಳು 63.5 ಲಕ್ಷ ಮೆಗಾವಾಟ್ ಗಂಟೆಯಷ್ಟು ಶಕ್ತಿಯನ್ನು ಕೊಡುತ್ತವೆ.

ಇದನ್ನು ಓದಿದಾಗ ಎದೆ ಉಬ್ಬುತ್ತದೆ, ನಿಜ. ಆದರೆ ಹಟ್ಟಿಯಲ್ಲಿ ಬೆಳೆದ ನನಗೆ ಎರಡು ಅನುಮಾನವೂ ಬಂತು. ಸಗಣಿಯ ಸಾರಜನಕ ಹೊಸದಾಗಿ ಹುಟ್ಟಿದ್ದಲ್ಲ, ಅದು ಹೊಲದಿಂದ ಹುಲ್ಲಾಗಿ ದನದ ಹೊಟ್ಟೆಗೆ ಹೋಗಿ ಬಂದದ್ದು. ಬೆರಣಿ ಸುಡದ ಊರಿನಲ್ಲಿ ಅದು ಹೇಗೂ ತಿಪ್ಪೆಯ ಮೂಲಕ ಹೊಲಕ್ಕೆ ಮರಳುತ್ತಿತ್ತು. ಕಾರ್ಖಾನೆಯ ಯೂರಿಯಾ ಹಾಗಲ್ಲ, ಗಾಳಿಯಿಂದ ಹೊಸದಾಗಿ ತೆಗೆದದ್ದು. ಎರಡನೆಯದು, ಒಂದು ಕಾರ್ಖಾನೆಗೆ ಒಬ್ಬ ಮ್ಯಾನೇಜರು ಸಾಕು. 26,150 ಊರುಗಳಲ್ಲಿ ಯಾರ ಮನೆಯ ಸಗಣಿ ಎಷ್ಟು ಬಂತು, ಯಾರಿಗೆ ಎಷ್ಟು ಗ್ಯಾಸು ಹೋಯಿತು ಎಂಬ ಪಂಚಾಯಿತಿ ಮಾಡುವವರು ಯಾರು?

ರೆಡ್ಡಿಯವರ ದೊಡ್ಡತನ ಇರುವುದು ಇಲ್ಲಿ. ಅವರು ಲೆಕ್ಕ ಬರೆದು ಸುಮ್ಮನೆ ಕೂರಲಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಸುಡುತ್ತಾರೆ, ಹೆಂಗಸರು ನೀರಿಗೆ ಎಷ್ಟು ದೂರ ನಡೆಯುತ್ತಾರೆ ಎಂದು ಮನೆಮನೆ ಅಳೆದರು. ಅವುಗಳಲ್ಲಿ ಒಂದು ಹಳ್ಳಿ ಪುರ. ನೂರು ಮನೆಯೂ ಇಲ್ಲದ ಊರು. ಅಲ್ಲಿ ಇಡೀ ಊರಿಗೆ ಒಂದು ಸ್ಥಾವರ ಕಟ್ಟಿ ಎಲ್ಲರ ಒಲೆಗೂ ಗ್ಯಾಸು ಕೊಡುವುದು ಮೊದಲ ಯೋಜನೆ.

ಅದು ಸೋತಿತು. ಊರಿನ ಸಗಣಿಯೆಲ್ಲ ಒಟ್ಟು ಮಾಡಿದರೂ ಎಲ್ಲರ ಅಡಿಗೆಗೆ ಸಾಕಾಗುವಷ್ಟು ಗ್ಯಾಸು ಬರಲಿಲ್ಲ. ಅರ್ಧ ಅಡಿಗೆ ಗ್ಯಾಸಿನಲ್ಲಿ, ಅರ್ಧ ಸೌದೆಯಲ್ಲಿ ಎಂದರೆ ಯಾರಿಗೆ ಬೇಕು? ಪುರದ ಸುತ್ತ ಬೆರಣಿ ಸುಡುವ ರೂಢಿಯೂ ಇರಲಿಲ್ಲ. ಒಲೆಗೆ ಸೌದೆ, ಸಗಣಿ ತಿಪ್ಪೆಗೆ. ಗ್ಯಾಸಿನ ಒಲೆ ಆ ಹೆಂಗಸರ ಮೊದಲ ಬೇಡಿಕೆ ಆಗಿರಲೇ ಇಲ್ಲ. ಆಮೇಲೆ ಕೂತು ಕೇಳಿದಾಗ ಅವರು ಹೇಳಿದ್ದು ಒಂದೇ, ಕುಡಿಯುವ ನೀರು ಕೊಡಿ ಎಂದು.

ವಿಜ್ಞಾನಿಗಳು ಯೋಜನೆಯನ್ನು ತಿರುಗಿಸಿ ಹಾಕಿದರು. ಗ್ಯಾಸನ್ನು ಒಲೆಗೆ ಕೊಡುವ ಬದಲು ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಹೊತ್ತಿಸಲು ಸ್ವಲ್ಪ ಡೀಸೆಲ್, ಉಳಿದದ್ದು ಗ್ಯಾಸು. ಐದು ಕಿಲೋವಾಟಿನ ಜನರೇಟರು ಬೋರ್‌ವೆಲ್ಲಿನ ಪಂಪು ನಡೆಸಿತು, ಮನೆಗಳಿಗೆ ಟ್ಯೂಬ್‌ಲೈಟು ಹಚ್ಚಿತು. 1987ರ ಸೆಪ್ಟೆಂಬರಿನಲ್ಲಿ ಪುರದ ನಲ್ಲಿಗಳಲ್ಲಿ ನೀರು ಬಂತು. ಅಂದ ಹಾಗೆ ಸರಕಾರದ ಕಡತದಲ್ಲಿ ಪುರ ಆಗಲೇ 'ವಿದ್ಯುದೀಕರಣಗೊಂಡ ಗ್ರಾಮ'. ತಂತಿ ಇತ್ತು, ಬಲ್ಬಿನೊಳಗೆ ಕೆಂಪು ಎಳೆ ಕಾಣುವಷ್ಟು ಕರೆಂಟೂ ಇತ್ತು!

ಸಗಣಿಯ ಪಂಚಾಯಿತಿಗೂ ಅವರು ದಾರಿ ಹುಡುಕಿದ್ದರು. ಸಗಣಿ ತಂದವರ ಹೆಸರಿನಲ್ಲಿ ತೂಕ ಬರೆಯುವುದು. ಗ್ಯಾಸು ತೆಗೆದ ಮೇಲೆ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ತಂದಷ್ಟಕ್ಕೆ ತಕ್ಕ ಹಾಗೆ ಅವರಿಗೇ ವಾಪಸ್ಸು ಕೊಡುವುದು. ಗೊಬ್ಬರ ಕಳೆದುಕೊಂಡೆ ಎನ್ನುವಂತಿಲ್ಲ. ಜೊತೆಗೆ ಹೊತ್ತು ತಂದ ಕೂಲಿಗೆ ಕಿಲೋಗೆ ಎರಡು ಪೈಸೆ. ಎರಡು ಪೈಸೆ ಎಂದರೆ ನಗಬೇಡಿ. ಆ ದುಡ್ಡು ಸೇರುತ್ತಿದ್ದದ್ದು ಹೊತ್ತು ತಂದ ಹೆಂಗಸರ, ಮಕ್ಕಳ ಕೈಗೆ. ಸ್ಥಾವರ ನಡೆಸಿದವರು ಊರಿನದೇ ಹುಡುಗರು. ಸಗಣಿ ಕಡಿಮೆಯಾದರೆ ಗ್ಯಾಸು ಕಡಿಮೆ, ಗ್ಯಾಸು ಕಡಿಮೆಯಾದರೆ ನಲ್ಲಿ ಬಂದ್, ದೊಡ್ಡ ಗೌಡರ ಮನೆಗೂ ಬಂದ್. ಹಾಗಾಗಿ ಸಗಣಿ ತಾರದವರನ್ನು ಪಕ್ಕದ ಮನೆಯವರೇ ಕೇಳುತ್ತಿದ್ದರು. ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿದ್ದಲ್ಲ ಎಂದು ಗೋಮಾಳ ಕೆರೆಗಳೆಲ್ಲ ಹಾಳಾದ ಕಥೆ ನಮಗೆ ಗೊತ್ತು. ಪುರದಲ್ಲಿ ಅದರ ಉಲ್ಟಾ ನಡೆಯಿತು ಎಂದು ರೆಡ್ಡಿಯವರು ಸಂತೋಷಪಟ್ಟು ಬರೆದರು.

ಸುಮಾರು ಹತ್ತು ವರ್ಷ ಅದು ನಡೆಯಿತು. ತೊಂಬತ್ತರ ದಶಕದ ಕೊನೆಗೆ ನಿಂತಿತು. ಏಕೆ ನಿಂತಿತೆಂದು ರೆಡ್ಡಿಯವರೇ 2004ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ, ತಮ್ಮ ತಪ್ಪುಗಳನ್ನೂ ಮುಚ್ಚಿಡದೆ ಚರ್ಚಿಸಿದರು. ದೊಡ್ಡ ಯೋಜನೆ ಮಾಡಿದವರು ಅದು ನಿಂತ ಮೇಲೆ ಪಾಠ ಬರೆದಿಡುವುದು ನಮ್ಮ ದೇಶದಲ್ಲಿ ಅಪರೂಪ. 2006ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅತ್ತ ತಾಲ್ಚೇರ್ ಮತ್ತು ರಾಮಗುಂಡಂ ಕಾರ್ಖಾನೆಗಳು 1980ರಲ್ಲಿ ಶುರುವಾಗಿ, ಒಂದು ದಿನವೂ ಸರಿಯಾಗಿ ನಡೆಯಿತು ಎನ್ನಿಸಿಕೊಳ್ಳದೆ, 1999ರಲ್ಲಿ ಮುಚ್ಚಿದವು. ರಾಮಗುಂಡಂ 2021ರಲ್ಲಿ ಮತ್ತೆ ಶುರುವಾಯಿತು, ಆದರೆ ಕಲ್ಲಿದ್ದಲಿನಿಂದಲ್ಲ, ನೈಸರ್ಗಿಕ ಅನಿಲದಿಂದ. ಅಂದರೆ 120 ಕೋಟಿಯ ಕಾರ್ಖಾನೆಯೂ, ಎರಡು ಪೈಸೆಯ ಸಗಣಿಯೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ನಿಂತವು! ಇದನ್ನು ಯಾರೂ ಜೋಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ.

ಸರಕಾರ ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. 1981-82ರಲ್ಲಿ ರಾಷ್ಟ್ರೀಯ ಜೈವಿಕ ಅನಿಲ ಯೋಜನೆ ಬಂತು. ಊರಿಗೊಂದಲ್ಲ, ಮನೆಗೊಂದು. ಸಬ್ಸಿಡಿ, ಬ್ಯಾಂಕ್ ಸಾಲ, ಜಿಲ್ಲೆಗೆ ಇಷ್ಟು ಎಂಬ ಟಾರ್ಗೆಟ್ಟು. ಇದುವರೆಗೆ ದೇಶದಲ್ಲಿ ಕಟ್ಟಿದ್ದು ಸುಮಾರು ಐವತ್ತು ಲಕ್ಷ. ಕಟ್ಟಿದ ಲೆಕ್ಕ ಇದು, ಉರಿಯುವ ಲೆಕ್ಕ ಬೇರೆ. ಮಾರ್ಚ್ ತಿಂಗಳಲ್ಲಿ ಟಾರ್ಗೆಟ್ ಮುಗಿಸಲು ದನವೇ ಇಲ್ಲದ ಮನೆಯ ಹಿಂದೆ ಗುಂಡಿ ತೋಡಿದ ಕಥೆಗಳನ್ನು ನೀವೂ ಕೇಳಿರುತ್ತೀರಿ. ನಮ್ಮ ಶಿರಸಿ ಸೀಮೆ ಮಾತ್ರ ಇದಕ್ಕೆ ಹೊರತಾಗಿತ್ತು. 2001ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು ಶಿರಸಿಯನ್ನು ಅಭ್ಯಾಸ ಮಾಡಿ, ಇದು ಯಶಸ್ಸಿನ ಕಥೆ ಎಂದೇ ತಲೆಬರಹ ಕೊಟ್ಟರು. ಕಟ್ಟಿದವರೇ ಮತ್ತೆ ಬಂದು ರಿಪೇರಿ ಮಾಡಿಕೊಡುತ್ತಿದ್ದರು, ಕಟ್ಟುವವರ ನಡುವೆ ಪೈಪೋಟಿ ಇತ್ತು, ತೋಟಕ್ಕೆ ಬಗ್ಗಡ ಬೇಕೇ ಬೇಕಿತ್ತು. ಊರಿನವನಾಗಿ ನಾನು ಇನ್ನೊಂದು ಕಾರಣ ಸೇರಿಸುತ್ತೇನೆ: ಅಡಿಕೆಗೆ ರೇಟಿತ್ತು.

ಆ ಯಶಸ್ಸಿನೊಳಗೇ ನನ್ನನ್ನು ಈಗಲೂ ಕಾಡುವ ಒಂದು ಸಂಗತಿ ಇದೆ. ಮನೆಗೊಂದು ಸ್ಥಾವರ ಬೇಕಾದರೆ ನಾಲ್ಕೈದು ದನ ಬೇಕು, ಜಾಗ ಬೇಕು, ನೀರು ಬೇಕು. ಯಾರಿಗಿತ್ತು ಇಷ್ಟೆಲ್ಲ? ನಮ್ಮ ಮನೆಗಿತ್ತು. ಗುಂಡಿ ಕಟ್ಟುವ ಮೊದಲು ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬರು ಸಂಜೆ ಹೋಗುವಾಗ ದಾರಿಯಲ್ಲಿ ಬಿದ್ದ ಸಗಣಿ ಒಂದು ಬುಟ್ಟಿ ತುಂಬಿಕೊಂಡು ಹೋಗುತ್ತಿದ್ದರು. ಅವರ ಹಿತ್ತಿಲ ತೊಂಡೆ ಬಳ್ಳಿಗೆ, ನೆಲ ಸಾರಿಸಲಿಕ್ಕೆ. ಯಾರೂ ಬೇಡ ಎನ್ನುತ್ತಿರಲಿಲ್ಲ, ಬೀದಿಯ ಸಗಣಿಗೆ ಯಾರು ಲೆಕ್ಕ ಇಡುತ್ತಾರೆ? ಗ್ಯಾಸು ಬಂದ ಮೇಲೆ ಸಗಣಿಗೆ ಬೆಲೆ ಬಂತು. ದನ ಬಿಡುವುದು ಕಡಿಮೆಯಾಯಿತು, ಬೀದಿಯ ಸಗಣಿಯನ್ನೂ ನಾವೇ ಆರಿಸತೊಡಗಿದೆವು. ಆರಿಸುತ್ತಿದ್ದದ್ದು ನಾನೇ. ಅವರು ಒಂದು ದಿನ ಖಾಲಿ ಬುಟ್ಟಿ ಹಿಡಿದು ನಿಂತು, ಏನೂ ಹೇಳದೆ ಹೋದದ್ದು ನೆನಪಿದೆ. ಎಪ್ಪತ್ತರ ದಶಕದಲ್ಲೇ ಅರ್ಥಶಾಸ್ತ್ರಜ್ಞರು ಇದೇ ಆಕ್ಷೇಪಣೆ ಎತ್ತಿದ್ದರು ಎಂದು ಬಹಳ ವರ್ಷಗಳ ನಂತರ ಓದಿದೆ. ಪುಕ್ಕಟೆಯಾಗಿದ್ದ ವಸ್ತುವಿಗೆ ಬೆಲೆ ಬಂದರೆ ಇದ್ದವನಿಗೆ ಲಾಭ, ಆರಿಸಿಕೊಂಡು ಬದುಕುವವಳಿಗೆ ನಷ್ಟ. ಪುರದಲ್ಲಿ ಹಾಗಾಗಲಿಲ್ಲ, ದನ ಇಲ್ಲದ ಮನೆಗೂ ನಲ್ಲಿಯ ನೀರು ಬಂತು.

ಬಡವರ ಮನೆಗೆ ಇದನ್ನು ಒಯ್ದ ಇನ್ನೊಂದು ಪ್ರಯತ್ನವೂ ಕರ್ನಾಟಕದ್ದೇ. ಬಾಗೇಪಲ್ಲಿಯ ಕೂಲಿ ಸಂಘದವರು ಕ್ಯೋಟೋ ಒಪ್ಪಂದದ ಕಾರ್ಬನ್ ಲೆಕ್ಕವನ್ನು ಹಿಡಿದು, ಸೌದೆ ಮತ್ತು ಸೀಮೆಎಣ್ಣೆ ಉಳಿಸಿದ್ದಕ್ಕೆ ಶ್ರೀಮಂತ ದೇಶಗಳಿಂದ ದುಡ್ಡು ತಂದು, 5,500 ಮನೆಗಳಿಗೆ ಸಣ್ಣ ಸ್ಥಾವರ ಕಟ್ಟುವ ಯೋಜನೆ ಮಾಡಿದರು. 2005ರ ಡಿಸೆಂಬರಿನಲ್ಲಿ ಅದು ವಿಶ್ವಸಂಸ್ಥೆಯಲ್ಲಿ ನೋಂದಣಿಯಾಯಿತು. ಕೋಲಾರದ ಎಸ್‌ಕೆಜಿ ಸಂಘ ದೀನಬಂಧುಗಳನ್ನು ಕಟ್ಟಿ 2007ರಲ್ಲಿ ಆಶ್‌ಡೆನ್ ಪ್ರಶಸ್ತಿ ಪಡೆಯಿತು. ಅದರ ಹಿಂದಿನ ವರ್ಷ ಅದೇ ಪ್ರಶಸ್ತಿ ಪುಣೆಯ ಆರ್ತಿ ಸಂಸ್ಥೆಗೆ. ಆನಂದ ಕರ್ವೆಯವರು ಕೇಳಿದ ಪ್ರಶ್ನೆ ಮಜವಾಗಿದೆ. ಸಗಣಿ ಎಂದರೆ ದನ ಆಗಲೇ ಅರಗಿಸಿಕೊಂಡು ಬಿಟ್ಟದ್ದು, ಅದರಲ್ಲಿ ಉಳಿದಿರುವುದೇನು? ಸೂಕ್ಷ್ಮಜೀವಿಗಳಿಗೂ ಒಳ್ಳೆಯ ಊಟ ಹಾಕಿ ನೋಡೋಣ ಎಂದು ಹಿಟ್ಟು, ಹಳಸಿದ ಅನ್ನ ಹಾಕಿದರು. ಒಂದೆರಡು ಕಿಲೋ ಊಟಕ್ಕೆ ಹತ್ತಾರು ಕಿಲೋ ಸಗಣಿಯಷ್ಟು ಗ್ಯಾಸು ಬಂತು. ಫ್ಲಾಟಿನ ಬಾಲ್ಕನಿಯಲ್ಲೂ ಇಡಬಹುದಾದ ಸ್ಥಾವರ ಅದು. ನಮ್ಮ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದವರು ಮಾಡಿದ 'ನಿಸರ್ಗಋಣ'ವೂ ಅಡಿಗೆಮನೆಯ ಕಸದಿಂದಲೇ ನಡೆಯುತ್ತದೆ.

ಆಮೇಲೆ 2016ರ ಮೇ ಒಂದಕ್ಕೆ ಉಜ್ವಲಾ ಬಂತು. ಕೆಂಪು ಸಿಲಿಂಡರು ಮನೆಬಾಗಿಲಿಗೆ ಬಂದ ಮೇಲೆ ಸಗಣಿ ಕದಡುವವರು ಯಾರು? ಟ್ರ್ಯಾಕ್ಟರು ಬಂದು ಎತ್ತು ಹೋದವು, ಮಕ್ಕಳು ಬೆಂಗಳೂರು ಮುಂಬಯಿಗೆ ಹೋದರು (ನನ್ನನ್ನೇ ನೋಡಿ), ದನ ಕಟ್ಟುವವರಿಲ್ಲ. ಸಿಲಿಂಡರನ್ನು ದೂರುವ ಹಕ್ಕು ನನಗಿಲ್ಲ. ಹೊಗೆಯಲ್ಲಿ ಕಣ್ಣು ಕೆಂಪಾದ ಹೆಂಗಸರಿಗೆ ಅದು ಕೊಟ್ಟ ಬಿಡುಗಡೆ ಸಣ್ಣದಲ್ಲ. ಆದರೆ ಅದರೊಳಗಿನ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುವುದು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧವಾದಾಗ ಗೊಬ್ಬರದ ಸಬ್ಸಿಡಿ ಒಂದೇ ವರ್ಷದಲ್ಲಿ ಎರಡು ಲಕ್ಷ ಕೋಟಿ ದಾಟಿತು. 1973 ಮತ್ತೆ ಬಂದ ಹಾಗೆ.

ಹಾಗಾಗಿ ಸಗಣಿಯ ಮಾತು ದಿಲ್ಲಿಯಲ್ಲಿ ಮತ್ತೆ ಶುರುವಾಯಿತು. ಈ ಸಲ ದೊಡ್ಡ ಪ್ರಮಾಣದಲ್ಲಿ. 2018ರಲ್ಲಿ ಗೋಬರ್‌ಧನ್, ಅದೇ ವರ್ಷ ಅಕ್ಟೋಬರಿನಲ್ಲಿ ಸತತ್ ಯೋಜನೆ. ಸಗಣಿ, ಸಕ್ಕರೆ ಕಾರ್ಖಾನೆಯ ಮಡ್ಡಿ, ಭತ್ತದ ಕೂಳೆ, ಪೇಟೆಯ ಕಸ ಇವುಗಳಿಂದ ಗ್ಯಾಸು ತೆಗೆದು, ಇಂಗಾಲದ ಡೈ ಆಕ್ಸೈಡು ಬೇರ್ಪಡಿಸಿ, ಒತ್ತಿ ತುಂಬಿ ಗಾಡಿಗಳಿಗೆ ಮಾರುವುದು. ಐದು ವರ್ಷದಲ್ಲಿ ಐದು ಸಾವಿರ ಸ್ಥಾವರ, ವರ್ಷಕ್ಕೆ ಒಂದೂವರೆ ಕೋಟಿ ಟನ್ ಗ್ಯಾಸು ಎಂದು ಗುರಿ ಇಟ್ಟರು. ಗಡುವು ಮುಗಿದಾಗ ನಡೆಯುತ್ತಿದ್ದದ್ದು ನೂರರ ಆಚೀಚೆ. ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾದ ಸ್ಥಾವರ ದಿನಕ್ಕೆ 550 ಟನ್ ಹಸಿಕಸ ನುಂಗುವಂಥದ್ದು. ಅಲ್ಲಿ ಮನೆಮನೆಯಲ್ಲಿ ಕಸ ಬೇರೆ ಮಾಡುತ್ತಾರೆ. ಉಳಿದ ಕಡೆ ತೊಡಕಾಗಿರುವುದು ಗ್ಯಾಸಿಗಿಂತ ಹೆಚ್ಚಾಗಿ ಗೊಬ್ಬರ. ಚೀಲಕ್ಕೆ 266 ರೂಪಾಯಿಗೆ ಯೂರಿಯಾ ಸಿಗುವಾಗ ಟನ್‌ಗಟ್ಟಲೆ ಬಗ್ಗಡವನ್ನು ಸಾಗಿಸಿ ಹೊಲಕ್ಕೆ ಹಾಕುವ ರೈತ ಯಾರು? 2023ರಲ್ಲಿ ಸರಕಾರ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತು. ಪುರದಲ್ಲಿ ಈ ಸಮಸ್ಯೆಯೇ ಇರಲಿಲ್ಲ, ಬಗ್ಗಡ ಹೊರುವ ದೂರ ನಾಲ್ಕು ಹೆಜ್ಜೆ.

ಛತ್ತೀಸ್‌ಗಢದವರು 2020ರ ಜುಲೈನಲ್ಲಿ ಕಿಲೋಗೆ ಎರಡು ರೂಪಾಯಿಯಂತೆ ಸಗಣಿ ಕೊಳ್ಳತೊಡಗಿದರು. ಎರಡು ಪೈಸೆ ಎರಡು ರೂಪಾಯಿ ಆದದ್ದಕ್ಕಿಂತ ನನಗೆ ಕಂಡದ್ದು, ಜಮೀನಿಲ್ಲದವರೂ ಬುಟ್ಟಿ ಹೊತ್ತು ತಂದು ಮಾರಿದರು ಎಂಬುದು. ಖಾಲಿ ಬುಟ್ಟಿಯ ಆ ಹೆಂಗಸು ನೆನಪಾದರು. 2023ರ ಕೊನೆಗೆ ಅಲ್ಲಿ ಸರಕಾರ ಬದಲಾಯಿತು, ಯೋಜನೆಯೂ ಹೋಯಿತು. ಗುಜರಾತಿನ ಆಣಂದದ ಹತ್ತಿರ ಝಕರಿಯಾಪುರದಲ್ಲಿ ಹೈನು ಮಂಡಳಿಯವರು ಮನೆಗಳಿಗೆ ಸಣ್ಣ ಸ್ಥಾವರ ಕೊಟ್ಟು, ಹೆಚ್ಚಾದ ಬಗ್ಗಡವನ್ನು ಹಾಲಿನ ಹಾಗೆ ಕೊಂಡುಕೊಳ್ಳುವ ಪ್ರಯೋಗ ಮಾಡಿದ್ದಾರೆ. ಪುರದ ಪಾಠ ಓದಿದವರ ಕೈ ಅದರಲ್ಲಿ ಇದ್ದರೂ ಇರಬಹುದು, ಇಲ್ಲದಿದ್ದರೂ ಬುದ್ಧಿ ಅದೇ.

ನಮ್ಮ ಹಟ್ಟಿಯಲ್ಲಿ ಈಗ ಎರಡು ಆಕಳಿವೆ. ಗುಂಡಿಗೆ ಅಣ್ಣ ಅಡಿಕೆ ಸಸಿಗಳಿಗೆ ನೀರು ತುಂಬಿಡುತ್ತಾನೆ. ಡ್ರಮ್ಮು ಗುಜರಿಗೆ ಹೋಯಿತು.

ಮುಂಬಯಿಯ ಮನೆಗೆ ಪೈಪಿನಲ್ಲಿ ಗ್ಯಾಸು ಬರುತ್ತದೆ. ಪೇಟೆಗಳಿಗೆ ಪೈಪ್ ಗ್ಯಾಸು ಮಾರುವ ಕಂಪೆನಿಗಳು ಅದರಲ್ಲಿ 2025-26ರಿಂದ ನೂರಕ್ಕೆ ಒಂದು ಪಾಲು, 2028-29ರ ಹೊತ್ತಿಗೆ ಐದು ಪಾಲು ಕಸ ಸಗಣಿಗಳ ಗ್ಯಾಸು ಸೇರಿಸಲೇಬೇಕೆಂದು 2023ರ ನವೆಂಬರಿನಲ್ಲಿ ತೀರ್ಮಾನವಾಯಿತು. ಆ ಒಂದು ಪಾಲು ಯಾವ ಊರಿನ ಪೈಪಿಗೆ ಬೀಳುತ್ತದೋ, ಅದು ಕಾಗದದ ಲೆಕ್ಕ. ಆದರೂ ಬೆಳಿಗ್ಗೆ ಕಷಾಯಕ್ಕೆ ಒಲೆ ಹಚ್ಚುವಾಗ ಹೆಂಡತಿಗೆ ತಮಾಷೆ ಮಾಡುತ್ತೇನೆ, ಮಾಟುಂಗಾದ ಗ್ಯಾಸು ನೂರಿಪ್ಪತ್ತೆಂಟು ವರ್ಷ ಸುತ್ತಾಡಿ ಮಾಟುಂಗಾಕ್ಕೆ ಬಂತು ನೋಡು ಅಂತ. ಕಷಾಯ ಆರುತ್ತಿದೆ, ಕುಡಿಯಿರಿ ಎನ್ನುತ್ತಾಳೆ.